ಮೂವತ್ತು ಕುರ್ಚಿಯ ಲೆಕ್ಕ: ದಂಡ ಏರಿತು, ಬಾರ್ ಒಳಗಿನ ಗಾಳಿ ಬದಲಾದೀತೇ?

ಸಾರ್ವಜನಿಕ ಸ್ಥಳದಲ್ಲಿ ಸಿಗರೇಟು ಸೇದಿ ಸಿಕ್ಕಿಬಿದ್ದರೆ ಕಟ್ಟಬೇಕಿದ್ದ 200 ರೂಪಾಯಿ ದಂಡ ಈಗ 1,000 ರೂಪಾಯಿ. ಕರ್ನಾಟಕ ವಿಧಾನಮಂಡಲ 2024ರ ಫೆಬ್ರುವರಿಯಲ್ಲಿ ಅಂಗೀಕರಿಸಿದ ಕೋಟ್ಪಾ (2003ರ ಕೇಂದ್ರ ತಂಬಾಕು ನಿಯಂತ್ರಣ ಕಾಯ್ದೆ) ತಿದ್ದುಪಡಿಗೆ ರಾಷ್ಟ್ರಪತಿಗಳ ಅಂಕಿತ ಬಿದ್ದು, 2025ರ ಮೇ ಕೊನೆಯಲ್ಲಿ ಅದು ರಾಜ್ಯಪತ್ರದಲ್ಲಿ ಪ್ರಕಟವಾಯಿತು. ಸುದ್ದಿ ಓದಿದವರಿಗೆ ಎದ್ದ ಪ್ರಶ್ನೆಗಳು ಹಲವು. ಬಾರ್‌ನಲ್ಲಿ ಸೇದುವುದು ಈಗ ಹೊಸದಾಗಿ ನಿಷೇಧವಾಯಿತೇ? ಹಾಸನದ ಬಿ.ಎಂ. ರಸ್ತೆಯ ರೆಸ್ಟೋರೆಂಟ್ ತನ್ನ ಸ್ಮೋಕಿಂಗ್ ರೂಮ್ ಮುಚ್ಚಬೇಕೇ? ಮೂಡಿಗೆರೆಯ ಹೋಮ್‌ಸ್ಟೇ ಜಗಲಿಯಲ್ಲಿ ಕುಳಿತು ಅತಿಥಿಯೊಬ್ಬರು ಸಿಗರೇಟು ಹಚ್ಚಿದರೆ ದಂಡ ಯಾರಿಗೆ?

ದಂಡ, ಪರವಾನಗಿ, ವ್ಯಾಪಾರ ಎಂದು ಚರ್ಚೆ ನಡೆದಿದೆ. ಕಾಯ್ದೆ ಹುಟ್ಟಿದ್ದೇ ಯಾವುದಕ್ಕಾಗಿಯೋ ಆ ಗಾಳಿಯ ಮಾತು ಮಾತ್ರ ಅಷ್ಟಾಗಿ ಕೇಳಿಬರುತ್ತಿಲ್ಲ. ನಿಷೇಧ ಜಾರಿಯಾದರೆ ಹಾಲ್ ಒಳಗಿನ ಗಾಳಿ ಎಷ್ಟು ಶುದ್ಧವಾಗುತ್ತದೆ? ಅರೆಬರೆ ಜಾರಿಯಾದರೆ ಎಷ್ಟು? ಎರಡರ ನಡುವಿನ ಅಂತರ ಮೇಲ್ನೋಟಕ್ಕೆ ಕಾಣುವುದಕ್ಕಿಂತ ಬಹಳ ದೊಡ್ಡದು.

ಹೊಸದೇನು, ಹಳೆಯದೇನು

ಬಾರ್, ಹೋಟೆಲ್‌ಗಳಲ್ಲಿ ಸೇದಬಾರದೆಂಬುದು ಹೊಸ ನಿಯಮವಲ್ಲ. 2003ರ ಕೇಂದ್ರ ಕಾಯ್ದೆಯ 4ನೇ ಸೆಕ್ಷನ್ ಅದನ್ನು ಆಗಲೇ ಹೇಳಿತ್ತು. ಅದಕ್ಕೂ ಮೊದಲು, 2001ರ ನವೆಂಬರ್‌ನಲ್ಲಿ, ಕಾಂಗ್ರೆಸ್ ನಾಯಕ ಮುರಳಿ ದೇವೊರಾ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನ ನಿಲ್ಲಿಸುವಂತೆ ಆದೇಶಿಸಿತ್ತು. 2008ರ ಅಕ್ಟೋಬರ್ 2ರಂದು ಜಾರಿಗೆ ಬಂದ ನಿಯಮಗಳು ಬಾರ್, ಪಬ್, ಕಾಫಿ ಹೌಸ್, ಕ್ಯಾಂಟೀನ್‌ಗಳನ್ನೆಲ್ಲ ಹೆಸರಿಸಿಯೇ ಪಟ್ಟಿಗೆ ಸೇರಿಸಿದವು. ಆ್ಯಶ್‌ಟ್ರೇ, ಬೆಂಕಿಪೊಟ್ಟಣ, ಲೈಟರ್ ಒದಗಿಸುವುದೂ ತಪ್ಪೆಂದವು. ಬಾಗಿಲ ಬಳಿ 60 ಸೆಂಟಿಮೀಟರ್ ಅಗಲ, 30 ಸೆಂಟಿಮೀಟರ್ ಎತ್ತರದ ಫಲಕ ಹಾಕಬೇಕು, ದೂರು ಯಾರಿಗೆ ಕೊಡಬೇಕೋ ಅವರ ಹೆಸರನ್ನೂ ಬರೆಯಬೇಕು. ಫಲಕವೇನೋ ಹಲವೆಡೆ ಇದೆ. ಹೆಸರಿನ ಜಾಗ ಖಾಲಿ ಇರುವುದೇ ಹೆಚ್ಚು.

ರಾಜ್ಯದ ತಿದ್ದುಪಡಿ ಇದರ ಮೇಲೆ ಕೆಲವನ್ನು ಸೇರಿಸಿದೆ. ದಂಡ ಐದು ಪಟ್ಟಾಗಿದೆ. ತಂಬಾಕು ಕೊಳ್ಳುವ ವಯಸ್ಸು 18ರಿಂದ 21ಕ್ಕೆ ಏರಿದೆ. ಬಿಡಿ ಸಿಗರೇಟು ಮಾರುವಂತಿಲ್ಲ. ಹುಕ್ಕಾ ಬಾರ್ ನಡೆಸಿದರೆ ಒಂದರಿಂದ ಮೂರು ವರ್ಷ ಜೈಲು, 50 ಸಾವಿರದಿಂದ ಒಂದು ಲಕ್ಷ ರೂಪಾಯಿವರೆಗೆ ದಂಡ. ಹುಕ್ಕಾವನ್ನು ಸರ್ಕಾರ 2024ರ ಫೆಬ್ರುವರಿಯಲ್ಲೇ ಅಧಿಸೂಚನೆಯ ಮೂಲಕ ನಿಷೇಧಿಸಿತ್ತು, ಹೈಕೋರ್ಟ್ ಅದನ್ನು ಎತ್ತಿಹಿಡಿದಿತ್ತು. ಈಗ ಅದಕ್ಕೆ ಕಾಯ್ದೆಯ ಬಲ ಬಂದಿದೆ.

ಬದಲಾಗದೆ ಉಳಿದದ್ದು ಒಂದು ವಿನಾಯಿತಿ, ಗೊಂದಲದ ಬೇರು ಅಲ್ಲಿದೆ. 30 ಅಥವಾ ಹೆಚ್ಚು ಕೋಣೆಗಳಿರುವ ಹೋಟೆಲ್, 30 ಅಥವಾ ಹೆಚ್ಚು ಆಸನಗಳಿರುವ ರೆಸ್ಟೋರೆಂಟ್ ಮತ್ತು ವಿಮಾನ ನಿಲ್ದಾಣಗಳು ಧೂಮಪಾನಕ್ಕೆ ಪ್ರತ್ಯೇಕ ಜಾಗ ಮಾಡಿಕೊಳ್ಳಬಹುದು. ಅಂದರೆ ದೊಡ್ಡ ರೆಸ್ಟೋರೆಂಟಿಗೆ ಹಾದಿ ಇದೆ. ಇಪ್ಪತ್ತು ಕುರ್ಚಿಯ ಹೋಟೆಲಿಗೆ ಇಲ್ಲ, ಐದಾರು ಕೋಣೆಯ ಹೋಮ್‌ಸ್ಟೇಗೂ ಇಲ್ಲ. ಹೋಟೆಲ್, ರೆಸ್ಟೋರೆಂಟ್‌ಗಳಿಗಿರುವ ಈ ವಿನಾಯಿತಿಯನ್ನು ತೆಗೆದುಹಾಕುವ ಪ್ರಸ್ತಾಪ ಕೇಂದ್ರದ 2020ರ ಕರಡು ತಿದ್ದುಪಡಿಯಲ್ಲಿತ್ತು. ಕರಡು ಕಾಯ್ದೆಯಾಗಲಿಲ್ಲ.

ಹೊಗೆ ಹೋಗುವುದೆಲ್ಲಿಗೆ

ಸಿಗರೇಟಿನ ಹೊಗೆಯೆಂದರೆ ಸೇದಿದವರು ಬಾಯಿಂದ ಬಿಟ್ಟದ್ದು ಎಂದೇ ಹೆಚ್ಚಿನವರು ತಿಳಿದಿದ್ದಾರೆ. ಕೋಣೆಯಲ್ಲಿ ತುಂಬುವ ಹೊಗೆಯ ಸುಮಾರು 85 ಶೇಕಡಾ ಬರುವುದು ಸೇದುವವರ ಎದೆಯಿಂದಲ್ಲ, ಬೆರಳ ಸಂದಿಯಲ್ಲಿ ಸುಮ್ಮನೆ ಉರಿಯುತ್ತಿರುವ ತುದಿಯಿಂದ. ಅಲ್ಲಿ ಉರಿ ಮಂದ, ಆಮ್ಲಜನಕ ಸಾಲದು, ತಂಬಾಕು ಅರೆಬರೆ ಸುಡುತ್ತದೆ. ಹಾಗಾಗಿ ಆ ಹೊಗೆಯಲ್ಲಿ ಹಲವು ವಿಷವಸ್ತುಗಳು ಸೇದಿದ ಹೊಗೆಯಲ್ಲಿರುವುದಕ್ಕಿಂತ ಹೆಚ್ಚು. ಒಟ್ಟು ಏಳು ಸಾವಿರಕ್ಕೂ ಹೆಚ್ಚು ರಾಸಾಯನಿಕಗಳು. ಅವುಗಳಲ್ಲಿ ಸುಮಾರು 70 ಕ್ಯಾನ್ಸರ್‌ಕಾರಕ.

ಈ ಹೊಗೆಯಲ್ಲಿ ಎರಡು ಬಗೆ ಇದೆ: ಕಣ ಮತ್ತು ಅನಿಲ. ಕಣಗಳ ಗಾತ್ರ ಬಹುಪಾಲು ಒಂದು ಮೈಕ್ರಾನ್‌ಗಿಂತ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಕಡಿಮೆ, ಆದ್ದರಿಂದ ಅವು ಧೂಳಿನಂತೆ ನೆಲಕ್ಕಿಳಿಯುವುದಿಲ್ಲ. ಗಾಳಿಯಲ್ಲೇ ತೇಲುತ್ತವೆ, ಉಸಿರಿನೊಂದಿಗೆ ಶ್ವಾಸಕೋಶದ ತಳದವರೆಗೆ ಇಳಿಯುತ್ತವೆ. 2.5 ಮೈಕ್ರಾನ್‌ಗಿಂತ ಸಣ್ಣ ಕಣಗಳನ್ನು ಒಟ್ಟಾಗಿ ಪಿಎಂ 2.5 ಎಂದು ಅಳೆಯುತ್ತಾರೆ. ಒಳಾಂಗಣದ ಗಾಳಿಯ ಅಧ್ಯಯನಗಳಲ್ಲಿ ಹೊಗೆಯ ಅಳತೆಗೋಲು ಅದೇ. ಇನ್ನು ಅನಿಲಗಳು: ಬೆಂಜೀನ್, ಫಾರ್ಮಾಲ್ಡಿಹೈಡ್, ಕಾರ್ಬನ್ ಮೊನಾಕ್ಸೈಡ್. ಇವನ್ನು ಎಷ್ಟೇ ದುಬಾರಿ ಕಣಶೋಧಕವೂ ಹಿಡಿಯಲಾರದು.

ಮೂಲೆಯ ಎರಡು ಟೇಬಲ್ಲು ಸೇದುವವರಿಗೆ, ಉಳಿದದ್ದು ಕುಟುಂಬದವರಿಗೆ ಎಂಬ ಏರ್ಪಾಟು ಸೋಲುವುದು ಈ ಕಾರಣಕ್ಕೆ. ಅಡುಗೆಮನೆಯಲ್ಲಿ ಒಗ್ಗರಣೆಗೆ ಹಾಕಿದ ಒಣಮೆಣಸಿನಕಾಯಿ ಸೀದರೆ ನಡುಮನೆಯಲ್ಲಿ ಕುಳಿತವರು ಕೆಮ್ಮುತ್ತಾರೆ. ಒಂದೇ ಸೂರಿನ ಕೆಳಗೆ ಗಾಳಿಗೆ ಗಡಿ ಇರುವುದಿಲ್ಲ.

ಒಂದು ಹಾಲ್, ಗಂಟೆಗೆ ಹತ್ತು ಸಿಗರೇಟು

ಲೆಕ್ಕವನ್ನು ಬಿಡಿಸಿ ನೋಡೋಣ. ಎಂಟು ಮೀಟರ್ ಉದ್ದ, ಆರು ಮೀಟರ್ ಅಗಲ, ಮೂರು ಮೀಟರ್ ಎತ್ತರದ ಹಾಲ್. ಜಿಲ್ಲಾ ಕೇಂದ್ರದ ಸಾಧಾರಣ ಬಾರ್ ಆ್ಯಂಡ್ ರೆಸ್ಟೋರೆಂಟ್‌ನದು ಇಷ್ಟೇ ಅಳತೆ; ಮೂವತ್ತು ನಲವತ್ತು ಕುರ್ಚಿ ಹಿಡಿಯುತ್ತದೆ. ಒಳಗಿನ ಗಾಳಿ 144 ಘನ ಮೀಟರ್. ಒಂದು ಸಿಗರೇಟು ಉರಿದು ಮುಗಿಯುವಾಗ ಸುಮಾರು 10 ಮಿಲಿಗ್ರಾಂ ಸೂಕ್ಷ್ಮ ಕಣ ಗಾಳಿಗೆ ಬಿಡುತ್ತದೆ ಎಂದಿಟ್ಟುಕೊಳ್ಳೋಣ. ಇಂಥ ಲೆಕ್ಕಗಳಿಗೆ ಸಂಶೋಧಕರು ಹಿಡಿಯುವ ಅಂಕಿ ಹೆಚ್ಚು ಕಡಿಮೆ ಇದೇ. ಕಿಟಕಿ ಬಾಗಿಲು ಮುಚ್ಚಿದ್ದರೆ ಆ ಒಂದೇ ಸಿಗರೇಟು ಇಡೀ ಹಾಲ್‌ನ ಪಿಎಂ 2.5 ಅನ್ನು ಘನ ಮೀಟರಿಗೆ 69 ಮೈಕ್ರೊಗ್ರಾಂ ಏರಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ದಿನದ ಸರಾಸರಿ ಮಿತಿ 15. ಭಾರತದ ಸ್ವಂತ ಮಾನದಂಡ ಇನ್ನಷ್ಟು ಉದಾರ, 60. ಒಂದೇ ಸಿಗರೇಟು ಎರಡನ್ನೂ ದಾಟಿತು.

ಶನಿವಾರದ ರಾತ್ರಿ ಐದು ಮಂದಿ ಗಂಟೆಗೆ ಎರಡರಂತೆ ಸೇದಿದರೆ ಗಂಟೆಗೆ ಹತ್ತು ಸಿಗರೇಟು. ಬಾಗಿಲು ತೆರೆದು ಮುಚ್ಚುವುದರಿಂದ, ಸಂದುಗೊಂದುಗಳಿಂದ, ಗೋಡೆಯ ಮೇಲಿನ ಎಕ್ಸಾಸ್ಟ್ ಫ್ಯಾನಿನಿಂದ ಒಳಗಿನ ಗಾಳಿ ಗಂಟೆಗೆ ಎರಡು ಬಾರಿ ಪೂರ್ತಿ ಬದಲಾಗುತ್ತದೆ ಎಂದರೆ ಹಾಲ್‌ನ ಮಟ್ಟ ಸುಮಾರು 350ಕ್ಕೆ ಹೋಗಿ ನಿಲ್ಲುತ್ತದೆ. ಮಾಲೀಕರು ಹಣ ಹಾಕಿ ಒಳ್ಳೆಯ ಫ್ಯಾನುಗಳನ್ನು ಕೂರಿಸಿ ಗಂಟೆಗೆ ಆರು ಬಾರಿ ಗಾಳಿ ಬದಲಾಗುವಂತೆ ಮಾಡಿದರು ಎನ್ನಿ, ಆಗ 116. ಹನ್ನೆರಡು ಬಾರಿಯಾದರೆ 58. ಕೆಲವು ಕಣಗಳು ಗೋಡೆ, ಪರದೆ, ಬಟ್ಟೆಗೆ ಅಂಟುವುದರಿಂದ ನಿಜವಾದ ಅಂಕಿ ತುಸು ಕೆಳಗಿರಬಹುದು. ಹಾಗಾದರೆ 15ಕ್ಕೆ ಇಳಿಸಲು ಏನು ಬೇಕು? ಗಂಟೆಗೆ 46 ಬಾರಿ, ಎಂದರೆ ಪ್ರತಿ 78 ಸೆಕೆಂಡಿಗೊಮ್ಮೆ ಹಾಲ್‌ನ ಗಾಳಿಯನ್ನೆಲ್ಲ ಹೊರಗೆ ದಬ್ಬಬೇಕು. ಟೇಬಲ್ಲಿನ ಮೇಲೆ ಬಿಲ್ಲು ನಿಲ್ಲುವುದಿಲ್ಲ.

"ನಮ್ಮದು ಎ.ಸಿ. ಹಾಲ್, ಹೊಗೆ ನಿಲ್ಲುವುದಿಲ್ಲ" ಎಂಬ ಮಾತನ್ನು ಇದೇ ತಕ್ಕಡಿಯಲ್ಲಿ ತೂಗಬೇಕು. ಗೋಡೆಗೆ ಕೂರಿಸಿದ ಸ್ಪ್ಲಿಟ್ ಎ.ಸಿ. ಹೊರಗಿನಿಂದ ಗಾಳಿ ತರುವುದೇ ಇಲ್ಲ. ಒಳಗಿನದನ್ನೇ ಎಳೆದು, ತಣ್ಣಗೆ ಮಾಡಿ, ಮತ್ತೆ ಒಳಗೇ ಬಿಡುತ್ತದೆ. ಅದರ ಜಾಲರಿ ತಡೆಯುವುದು ಧೂಳು, ಕೂದಲು. ತಂಪು ಸೋರದಿರಲೆಂದು ಕಿಟಕಿ ಬಾಗಿಲು ಬಿಗಿಯಾಗಿ ಮುಚ್ಚುವುದರಿಂದ ಎ.ಸಿ. ಹಾಲ್‌ನ ಗಾಳಿ ಫ್ಯಾನಿನ ಹಾಲ್‌ಗಿಂತ ಕೆಟ್ಟಿರುವುದೇ ಹೆಚ್ಚು. ಹೊಗೆ ಕಣ್ಣಿಗೆ ಕಾಣದಿದ್ದರೂ ಕಣಗಳು ಅಲ್ಲೇ ಸುತ್ತುತ್ತಿರುತ್ತವೆ. ಎ.ಸಿ. ಎಂಜಿನಿಯರುಗಳ ಅಮೆರಿಕದ ಸಂಘ ಆ್ಯಶ್ರೇ ಕೂಡ 2005ರಲ್ಲಿ ಇದನ್ನು ಒಪ್ಪಿಕೊಂಡಿತು: ಒಳಾಂಗಣದಲ್ಲಿ ಧೂಮಪಾನದ ಅಪಾಯವನ್ನು ಇಲ್ಲವಾಗಿಸಲು ಅಲ್ಲಿ ಸೇದುವುದನ್ನೇ ನಿಲ್ಲಿಸುವುದೊಂದೇ ದಾರಿ. ಯಂತ್ರಗಳನ್ನು ವಿನ್ಯಾಸ ಮಾಡುವವರೇ ಯಂತ್ರದಿಂದ ಆಗದು ಎಂದ ಮೇಲೆ ವಾದಕ್ಕೆ ಹೆಚ್ಚು ಜಾಗ ಉಳಿಯುವುದಿಲ್ಲ.

ಅಳೆದು ನೋಡಿದ ಊರುಗಳು

ಬೇರೆ ದೇಶಗಳಲ್ಲಿ ನಿಷೇಧದ ಮೊದಲು ಮತ್ತು ನಂತರ ಗಾಳಿಯನ್ನು ಅಳೆದಿದ್ದಾರೆ. ಐರ್ಲೆಂಡ್ 2004ರ ಮಾರ್ಚ್ 29ರಂದು ದೇಶಾದ್ಯಂತ ಎಲ್ಲ ಪಬ್‌ಗಳಲ್ಲಿ ಸಂಪೂರ್ಣ ನಿಷೇಧ ತಂದಿತು. ಡಬ್ಲಿನ್‌ನ 42 ಪಬ್‌ಗಳಲ್ಲಿ ಅಳೆದಾಗ ಪಿಎಂ 2.5 ಶೇ 83ರಷ್ಟು, ಬೆಂಜೀನ್ ಶೇ 80ರಷ್ಟು ಇಳಿದಿತ್ತು. ಸ್ಕಾಟ್ಲೆಂಡ್‌ನಲ್ಲಿ 2006ರ ಮಾರ್ಚ್ 26ರಿಂದ ನಿಷೇಧ. ಎಡಿನ್‌ಬರೊ ಮತ್ತು ಅಬರ್ಡೀನ್‌ನ 41 ಪಬ್‌ಗಳ ಸರಾಸರಿ ಪಿಎಂ 2.5 ಮಟ್ಟ 246 ಇದ್ದದ್ದು 20ಕ್ಕೆ ಬಂತು. ಹೊಸ ಯಂತ್ರವಿಲ್ಲ, ಕಟ್ಟಡ ಬದಲಾಗಲಿಲ್ಲ, ಗಿರಾಕಿಗಳೂ ಅವರೇ.

ನಮಗೆ ಹೆಚ್ಚು ಹತ್ತಿರದ ಪಾಠ ಸ್ಪೇನ್‌ನದು. ಆ ದೇಶ 2006ರಲ್ಲಿ ಮೊದಲು ನಡುದಾರಿ ಹಿಡಿಯಿತು. ನೂರು ಚದರ ಮೀಟರ್‌ಗಿಂತ ಚಿಕ್ಕ ಬಾರ್‌ಗಳಲ್ಲಿ ಸೇದಬಹುದೋ ಬಾರದೋ ಎಂಬುದನ್ನು ಮಾಲೀಕರಿಗೆ ಬಿಟ್ಟಿತು, ದೊಡ್ಡವು ಬೇರೆ ಜಾಗ ಮಾಡಿಕೊಳ್ಳಲಿ ಎಂದಿತು. ನಮ್ಮ 30 ಆಸನದ ನಿಯಮ ದೊಡ್ಡವರಿಗೆ ವಿನಾಯಿತಿ ಕೊಟ್ಟರೆ ಅವರದು ಚಿಕ್ಕವರಿಗೂ ಕೊಟ್ಟಿತ್ತು, ಅಷ್ಟೇ ವ್ಯತ್ಯಾಸ. ಸೇದಲು ಬಿಟ್ಟ ಬಾರ್‌ಗಳಲ್ಲಿ ಗಾಳಿ ಸುಧಾರಿಸಲಿಲ್ಲ. ಕೊನೆಗೆ 2011ರ ಜನವರಿಯಲ್ಲಿ ಸಂಪೂರ್ಣ ನಿಷೇಧ ಬಂದ ಮೇಲೆ ನಿಕೋಟಿನ್ ಮತ್ತು ಕಣಗಳ ಮಟ್ಟ ಶೇ 90ಕ್ಕಿಂತ ಹೆಚ್ಚು ಕುಸಿಯಿತು. ಅರ್ಧ ನಿಷೇಧದಿಂದ ಅರ್ಧ ಲಾಭವಾದರೂ ಬಂದೀತು ಎಂಬ ಎಣಿಕೆ ಅಲ್ಲಿ ಹುಸಿಯಾಯಿತು.

ನಾಲ್ಕು ಗೋಡೆ, ಒಂದು ಬಾಗಿಲು

ನಮ್ಮ 2008ರ ನಿಯಮಗಳಲ್ಲಿ ಸ್ಮೋಕಿಂಗ್ ರೂಮ್ ಎಂದರೆ ಏನೆಂದು ಬಿಡಿಸಿ ಹೇಳಿದೆ. ನಾಲ್ಕೂ ಕಡೆ ಚಾವಣಿಯವರೆಗೆ ಗೋಡೆ ಇರಬೇಕು. ಬಾಗಿಲು ತಾನೇ ಮುಚ್ಚಿಕೊಳ್ಳಬೇಕು. ಒಳಗಿನ ಗಾಳಿ ನೇರ ಹೊರಕ್ಕೆ ಹೋಗಬೇಕು, ಕಟ್ಟಡದ ಉಳಿದ ಗಾಳಿಯೊಂದಿಗೆ ಬೆರೆಯಬಾರದು. ಕೋಣೆಯೊಳಗಿನ ಒತ್ತಡ ಹೊರಗಿನದಕ್ಕಿಂತ ಕಡಿಮೆ ಇರಬೇಕು. ಬಾಗಿಲು ತೆರೆದಾಗ ಗಾಳಿ ಒಳಕ್ಕೆ ಹರಿಯಬೇಕೇ ಹೊರತು ಹೊರಕ್ಕಲ್ಲ. 2017ರ ತಿದ್ದುಪಡಿ ಇನ್ನೊಂದು ಷರತ್ತು ಹಾಕಿತು: ಆ ಕೋಣೆಯಲ್ಲಿ ಬೇರಾವ ಸೇವೆಯೂ ಇರಕೂಡದು. ಊಟವಿಲ್ಲ, ಬಿಯರ್ ಇಲ್ಲ, ಚಹಾ ಕೂಡ ಇಲ್ಲ.

ಈ ಕೊನೆಯ ಷರತ್ತನ್ನು ಓದಿದರೆ "ಸ್ಮೋಕಿಂಗ್ ಸೆಕ್ಷನ್" ಎಂದು ಊರಲ್ಲಿ ನಡೆಯುವುದರಲ್ಲಿ ಬಹಳಷ್ಟು ಕಾನೂನಿನ ಹೊರಗಿವೆ ಎಂಬುದು ಹೊಳೆಯುತ್ತದೆ. ಗಾಜಿನ ಅಡ್ಡಗೋಡೆ ಹಾಕಿ, ಒಳಗೆ ಟೇಬಲ್ಲಿಟ್ಟು, ಸಪ್ಲಯರ್ ಟ್ರೇ ಹಿಡಿದು ಓಡಾಡುವ ಕೋಣೆ ಸ್ಮೋಕಿಂಗ್ ರೂಮ್ ಅಲ್ಲ. ಅದು ಸಾರ್ವಜನಿಕ ಸ್ಥಳವೇ, ಅಲ್ಲಿ ಸೇದಿದವರಿಗೂ ಸಾವಿರ ರೂಪಾಯಿ ದಂಡ ಬೀಳಬಹುದು. ಮಾಲೀಕರಿಗೆ ಇನ್ನೊಂದು ಕುಣಿಕೆಯೂ ಇದೆ: ಉಲ್ಲಂಘನೆಯ ದೂರು ಬಂದೂ ಕ್ರಮ ಕೈಗೊಳ್ಳದಿದ್ದರೆ, ಎಷ್ಟು ಮಂದಿ ಸೇದಿದರೋ ಅಷ್ಟು ದಂಡ ಅವರ ಮೇಲೂ ಬೀಳುತ್ತದೆ. ದಂಡ 200 ಇದ್ದಾಗ ಇದನ್ನು ಯಾರೂ ಗಂಭೀರವಾಗಿ ತೆಗೆದುಕೊಂಡಂತಿರಲಿಲ್ಲ. ಹತ್ತು ಮಂದಿಗೆ ಹತ್ತು ಸಾವಿರ ಎಂದಾಗ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವರು ಎದ್ದು ನೋಡುತ್ತಾರೆ.

ನಿಯಮಬದ್ಧ ಕೋಣೆಯೂ ಪೂರ್ತಿ ಸುರಕ್ಷಿತವಲ್ಲ. ಬಾಗಿಲು ತೆರೆದಾಗಲೆಲ್ಲ ಒಂದಿಷ್ಟು ಹೊಗೆ ಜನರ ಹಿಂದೆಯೇ ಹೊರಬರುತ್ತದೆ, ಬಟ್ಟೆಗೆ ಅಂಟಿದ್ದು ಅವರೊಂದಿಗೆ ನಡೆಯುತ್ತದೆ. ಫ್ಯಾನು ಕೆಟ್ಟ ದಿನ, ವಿದ್ಯುತ್ ಹೋದ ಹೊತ್ತು ಒತ್ತಡದ ವ್ಯತ್ಯಾಸವೇ ಇರುವುದಿಲ್ಲ.

ಮಳೆಗಾಲ ಎಂಬ ಮುಚ್ಚಳ

ಹಾಸನ, ಚಿಕ್ಕಮಗಳೂರು ಎಂಬ ಮಲೆನಾಡಿನ ಅಂಚಿನ ಈ ಎರಡು ಜಿಲ್ಲೆಗಳಲ್ಲಿ ಲೆಕ್ಕವನ್ನು ಕೆಡಿಸುವುದು ಹವೆ. ಅರಸೀಕೆರೆ, ಕಡೂರಿನ ಬಯಲು ಸೀಮೆಯಲ್ಲಿ ವರ್ಷದ ಹೆಚ್ಚು ದಿನ ಕಿಟಕಿ ತೆರೆದಿರುತ್ತದೆ. ಸಕಲೇಶಪುರ, ಮೂಡಿಗೆರೆ, ಕೊಪ್ಪ, ಶೃಂಗೇರಿಯ ಕಡೆ ಆರಿದ್ರಾ ಮಳೆ ಹಿಡಿದರೆ ಆಶ್ಲೇಷ ದಾಟುವವರೆಗೆ ಕಿಟಕಿ ತೆರೆಯುವಂತಿಲ್ಲ. ಇರಚಲು ಒಳಗೆ ಬರುತ್ತದೆ, ಹಾಸಿಗೆ ಬಟ್ಟೆ ಬೂಷ್ಟು ಹಿಡಿಯುತ್ತದೆ. ಮಳೆ ನೋಡಲೆಂದೇ ಪ್ರವಾಸಿಗರು ಬರುವುದೂ ಅದೇ ಕಾಲಕ್ಕೆ. ಹೊರಗೆ ನಿಂತು ಸೇದಲಾಗದವರು ಒಳಗೆ ಬರುತ್ತಾರೆ, ಒಳಗಿನ ಗಾಳಿ ಹೊರಗೆ ಹೋಗುವುದಿಲ್ಲ. ಮೇಲೆ ಲೆಕ್ಕ ಹಾಕಿದ ಗಂಟೆಗೆರಡು ಬದಲಾವಣೆ ಒಂದಕ್ಕಿಳಿದರೆ, ಸಿಗರೇಟಿನ ಸಂಖ್ಯೆ ಅಷ್ಟೇ ಇದ್ದರೂ ಹೊಗೆಯ ಮಟ್ಟ ಇಮ್ಮಡಿಯಾಗುತ್ತದೆ.

ಹೋಮ್‌ಸ್ಟೇ ಜಗಲಿಯ ಪ್ರಶ್ನೆ ಇಲ್ಲಿ ಬರುತ್ತದೆ. ಸಾರ್ವಜನಿಕ ಸ್ಥಳವೆಂದರೆ ಜನರಿಗೆ ಪ್ರವೇಶವಿರುವ ಜಾಗ, ಅದು ಹಕ್ಕಿನಿಂದಲೋ ಅಲ್ಲವೋ ಎಂಬುದು ಮುಖ್ಯವಲ್ಲ ಎನ್ನುತ್ತದೆ ಕಾಯ್ದೆ. ಹಣ ಕೊಟ್ಟ ಅತಿಥಿಗಳೆಲ್ಲ ಕೂತು ಉಣ್ಣುವ ಹಜಾರ ಆ ವ್ಯಾಖ್ಯೆಯೊಳಗೆ ಬರುತ್ತದೆ ಎಂದು ಓದಿಕೊಳ್ಳುವುದೇ ಸರಿ. ಕಾಫಿ ಒಣಗಿಸುವ ತೆರೆದ ಕಣ ಬಯಲು ಜಾಗ, ಅದು ಬೇರೆ ಮಾತು. ತೊಡಕಿರುವುದು ನಡುವಿನದರಲ್ಲಿ. ಮೇಲೆ ಹೆಂಚು, ಮೂರು ಕಡೆ ಇರಚಲು ತಡೆಯಲು ಇಳಿಬಿಟ್ಟ ಪ್ಲಾಸ್ಟಿಕ್ ಟಾರ್ಪಾಲು, ಒಳಗೆ ಬೆತ್ತದ ಕುರ್ಚಿಗಳು: ಇದು ಬಯಲೋ ಕೋಣೆಯೋ? ಕಾನೂನು ಏನೇ ಅನ್ನಲಿ, ಗಾಳಿಯ ಮಟ್ಟಿಗೆ ಅದು ಕೋಣೆ. ಹೊರಾಂಗಣದಲ್ಲಿ ಕೂಡ ಸೇದುವವರ ಪಕ್ಕದ ಕೆಲವೇ ಅಡಿಗಳಲ್ಲಿ ಕಣಗಳ ಮಟ್ಟ ಒಳಾಂಗಣದ್ದಕ್ಕೆ ಸಮನಾಗಿರುತ್ತದೆ ಎಂದು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರ 2007ರ ಅಳತೆಗಳು ತೋರಿಸಿವೆ. ವ್ಯತ್ಯಾಸವೆಂದರೆ ಬಯಲಿನಲ್ಲಿ ಸಿಗರೇಟು ಆರಿದೊಡನೆ ಕಣಗಳೂ ಚದುರುತ್ತವೆ. ಟಾರ್ಪಾಲಿನೊಳಗೆ ಚದುರುವುದಿಲ್ಲ.

ಯಾರ ವಾದ ಏನು

ಬಾರ್ ಮಾಲೀಕರ ಅಳುಕು ಸುಳ್ಳಲ್ಲ. ಕುಡಿಯಲು ಕೂತವರು ಸೇದಲು ಎದ್ದು ಹೋದರೆ ಮತ್ತೆ ಬರುತ್ತಾರೋ ಇಲ್ಲವೋ, ಎದುರಿನ ಬಾರ್‌ನವರು ನೋಡಿಯೂ ನೋಡದಂತಿದ್ದರೆ ಗಿರಾಕಿ ಅತ್ತ ಸರಿಯುತ್ತಾರೆ. ಅದರಲ್ಲೂ ಇಪ್ಪತ್ತೈದು ಕುರ್ಚಿಯವರು ನಿಯಮ ಪಾಲಿಸಬೇಕು, ಐವತ್ತು ಕುರ್ಚಿಯವರು ಕೋಣೆ ಕಟ್ಟಿಕೊಳ್ಳಬಹುದು ಎಂಬುದರಲ್ಲಿ ನ್ಯಾಯವಿಲ್ಲ ಎಂಬ ದೂರಿಗೆ ಉತ್ತರ ಕೊಡುವುದು ಕಷ್ಟ. ಆದರೆ ಈ ದೂರು ನಿಜವಾಗಿ ಬೊಟ್ಟು ಮಾಡುವುದು ವಿನಾಯಿತಿಯ ಕಡೆಗೆ, ನಿಷೇಧದ ಕಡೆಗಲ್ಲ. ಎಲ್ಲರಿಗೂ ಒಂದೇ ನಿಯಮವಾದರೆ ಗಿರಾಕಿ ಸರಿದು ಹೋಗಲು ಬೇರೆ ಜಾಗವೇ ಇರುವುದಿಲ್ಲ. ಪೂರ್ತಿ ನಿಷೇಧ ತಂದ ಊರುಗಳ ಲೆಕ್ಕಪತ್ರ ಪರಿಶೀಲಿಸಿದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ, ಬಾರ್ ಮತ್ತು ಹೋಟೆಲ್ ಉದ್ಯಮದ ವ್ಯಾಪಾರ ಇದರಿಂದ ಕುಸಿದಿಲ್ಲ ಎಂದು 2009ರಲ್ಲಿ ತೀರ್ಮಾನಿಸಿತು.

ಸೇದುವವರ ವಾದ ಇನ್ನೊಂದು. ಸರ್ಕಾರವೇ ಮಾರಲು ಬಿಟ್ಟಿದೆ, ತೆರಿಗೆ ತಿನ್ನುತ್ತಿದೆ. ಮತ್ತೆ ಸೇದಬೇಡಿ ಎನ್ನುವುದು ಯಾವ ನೀತಿ? ಮಾತು ಚುರುಕಾಗಿದೆ. ಆದರೂ ಕಾಯ್ದೆಯ 4ನೇ ಸೆಕ್ಷನ್ ಸೇದುವುದನ್ನು ನಿಷೇಧಿಸಿಲ್ಲ, ಇನ್ನೊಬ್ಬರು ಉಸಿರಾಡುವ ಜಾಗದಲ್ಲಿ ಸೇದುವುದನ್ನು ಮಾತ್ರ. ದೇಶದಲ್ಲಿ ಧೂಮಪಾನ ಮಾಡುವ ವಯಸ್ಕರು 2016-17ರ ಸಮೀಕ್ಷೆಯ ಪ್ರಕಾರ ಶೇ 10.7. ಹತ್ತರಲ್ಲಿ ಒಂಬತ್ತು ಜನ ಸೇದದವರು.

ಅರಕಲಗೂಡು ತಾಲ್ಲೂಕಿನ ಹೊಗೆಸೊಪ್ಪು ಬೆಳೆಗಾರರ ಹೆಸರನ್ನೂ ಈ ವಾದಕ್ಕೆ ಎಳೆಯುವುದುಂಟು. ರಾಮನಾಥಪುರದ ಹರಾಜು ಮಾರುಕಟ್ಟೆಗೆ ಹೋಗುವ ವರ್ಜೀನಿಯಾ ತಂಬಾಕಿನ ದೊಡ್ಡ ಪಾಲು ರಫ್ತಾಗುತ್ತದೆ. ಅದರ ಬೆಲೆ ನಿಂತಿರುವುದು ತಂಬಾಕು ಮಂಡಳಿಯ ಕೋಟಾ, ವಿದೇಶದ ಬೇಡಿಕೆಗಳ ಮೇಲೆ. ಹಾಸನದ ಬಾರ್‌ನಲ್ಲಿ ನಾಲ್ಕು ಜನ ಎದ್ದು ಹೊರಗೆ ಹೋಗಿ ಸೇದಿದ್ದರಿಂದ ರೈತರು ಎಲೆ ಹದಗೊಳಿಸುವ ಬ್ಯಾರನ್ ಆರುವುದಿಲ್ಲ.

ಪಾಳಿ ಮುಗಿಯುವವರೆಗೆ ಒಳಗಿರುವವರು

ಚರ್ಚೆಯಲ್ಲಿ ಕಾಣಿಸಿಕೊಳ್ಳದ ಒಬ್ಬರಿದ್ದಾರೆ: ಸಪ್ಲಯರ್. ಗಿರಾಕಿ ಒಂದೆರಡು ಗಂಟೆ ಕೂತು ಎದ್ದು ಹೋಗುತ್ತಾರೆ, ಬೇಡವೆನಿಸಿದರೆ ಬರುವುದೇ ಇಲ್ಲ. ಮಧ್ಯಾಹ್ನದಿಂದ ರಾತ್ರಿಯವರೆಗೆ ಹಾಲ್‌ನಲ್ಲೇ ಇರುವವರು ಟೇಬಲ್ಲು ಒರೆಸುವವರು, ಸರಬರಾಜು ಮಾಡುವವರು, ಕ್ಯಾಷಿಯರ್. 350ರ ಗಾಳಿಯಲ್ಲಿ ಹತ್ತು ಗಂಟೆ ದುಡಿದು, ಉಳಿದ ಹದಿನಾಲ್ಕು ಗಂಟೆ 20ರ ಒಳ್ಳೆಯ ಗಾಳಿಯಲ್ಲಿ ಕಳೆದರೂ ಅವರ ದಿನದ ಸರಾಸರಿ 155ರ ಮೇಲಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯ ಹತ್ತು ಪಟ್ಟು, ಅದೂ ತಾವೇ ಒಂದು ಸಿಗರೇಟು ಮುಟ್ಟದೆ.

ಲಾಭ ಮೊದಲು ಕಾಣುವುದೂ ಇವರಲ್ಲೇ. ಕ್ಯಾಲಿಫೋರ್ನಿಯಾದ ಬಾರ್‌ಗಳಲ್ಲಿ 1998ರ ಜನವರಿಯಲ್ಲಿ ನಿಷೇಧ ಬಂದಾಗ ಸ್ಯಾನ್ ಫ್ರಾನ್ಸಿಸ್ಕೊದ 53 ಬಾರ್ ಕೆಲಸಗಾರರನ್ನು ಮೊದಲು ಮತ್ತು ಒಂದೆರಡು ತಿಂಗಳ ನಂತರ ಪರೀಕ್ಷಿಸಿದರು. ಕೆಮ್ಮು, ಉಬ್ಬಸದಂತಹ ತೊಂದರೆಯಿದ್ದ 39 ಜನರಲ್ಲಿ 23 ಮಂದಿಗೆ ಅದು ಮಾಯವಾಗಿತ್ತು. ಶ್ವಾಸಕೋಶ ಅಷ್ಟು ಬೇಗ ಸ್ಪಂದಿಸುತ್ತದೆ. ಹೃದಯದ ಕಥೆಯಲ್ಲಿ ಇಷ್ಟು ಒಮ್ಮತವಿಲ್ಲ. ಸ್ಕಾಟ್ಲೆಂಡ್‌ನ ಒಂಬತ್ತು ಆಸ್ಪತ್ರೆಗಳಲ್ಲಿ ನಿಷೇಧದ ನಂತರ ಹೃದಯಾಘಾತದಂತಹ ತೀವ್ರ ತೊಂದರೆಗೆ ದಾಖಲಾದವರು ಶೇ 17ರಷ್ಟು ಕಡಿಮೆಯಾದರು. ಬೇರೆಡೆಯ ಕೆಲವು ದೊಡ್ಡ ಅಧ್ಯಯನಗಳಲ್ಲಿ ಇಳಿಕೆ ಇಷ್ಟು ದೊಡ್ಡದಾಗಿ ಕಾಣಲಿಲ್ಲ. ಗಾಳಿ ಶುದ್ಧವಾಗುವುದರ ಬಗ್ಗೆ ಮಾತ್ರ ಎರಡು ಮಾತಿಲ್ಲ.

ಟೇಬಲ್ಲಿನ ಕೆಳಗಿನ ಹೊಗೆ

ಸ್ಕಾಟ್ಲೆಂಡ್‌ನ 20 ಎಂಬ ಅಂಕಿಯನ್ನು ಹಾಸನ, ಚಿಕ್ಕಮಗಳೂರಿನಲ್ಲಿ ನಿರೀಕ್ಷಿಸುವುದಕ್ಕೆ ಮೊದಲು ನೆನಪಿಡಬೇಕಾದದ್ದೊಂದಿದೆ. ನಮ್ಮ ಹಾಲ್‌ಗಳಲ್ಲಿ ಸಿಗರೇಟು ಒಂದೇ ಉರಿಯುವುದಿಲ್ಲ. ಸಂಜೆ ದೇವರ ಪಟದ ಮುಂದೆ ಊದುಬತ್ತಿ. ಅಡುಗೆಮನೆಯ ಬಾಗಿಲಿನಿಂದ ತಂದೂರಿ ಒಲೆಯ ಇದ್ದಿಲಿನ ಹೊಗೆ, ಕಬಾಬಿನ ಎಣ್ಣೆಯ ಆವಿ. ಚಳಿಗಾಲದ ಹೋಮ್‌ಸ್ಟೇಗಳಲ್ಲಿ ಅಗ್ಗಿಷ್ಟಿಕೆ. ಇವೆಲ್ಲಕ್ಕಿಂತ ಮುಖ್ಯವಾಗಿ, ಟೇಬಲ್ಲಿನ ಕಾಲ ಬಳಿ ತಗಡಿನ ತಟ್ಟೆಯಲ್ಲಿ ಉರಿಯುತ್ತಿರುವ ಸೊಳ್ಳೆ ಬತ್ತಿ.

ಈ ಬತ್ತಿಯ ಲೆಕ್ಕ ಬೆಚ್ಚಿಬೀಳಿಸುತ್ತದೆ. ಚೀನಾ ಮತ್ತು ಮಲೇಷ್ಯಾದ ಬತ್ತಿಗಳನ್ನು ಪರೀಕ್ಷಿಸಿದ 2003ರ ಅಧ್ಯಯನವೊಂದು, ಒಂದು ಸುರುಳಿ ಉರಿದು ಮುಗಿಯುವಷ್ಟರಲ್ಲಿ 75ರಿಂದ 137 ಸಿಗರೇಟುಗಳಷ್ಟು ಪಿಎಂ 2.5 ಹೊರಬರುತ್ತದೆ ಎಂದು ಅಳೆಯಿತು. ಸುರುಳಿ ಎಂಟು ಗಂಟೆ ಉರಿಯುತ್ತದೆ ಎಂದುಕೊಂಡರೆ, ಕಡಿಮೆ ಅಂದಾಜಿನಲ್ಲೂ ಗಂಟೆಗೆ ಒಂಬತ್ತು ಸಿಗರೇಟಾಯಿತು. ನಮ್ಮ ಉದಾಹರಣೆಯ ಹಾಲ್‌ನಲ್ಲಿ ಐದು ಮಂದಿ ಸೇದುತ್ತಿದ್ದುದಕ್ಕೆ ಹೆಚ್ಚು ಕಡಿಮೆ ಸಮ.

ಇದರಿಂದ ಎರಡು ಪರಿಣಾಮಗಳು. ಒಂದು, ಧೂಮಪಾನ ನಿಂತ ಹಾಲ್‌ನಲ್ಲಿ ಯಾರಾದರೂ ಅಗ್ಗದ ಮೀಟರ್ ಹಿಡಿದು ಅಳೆದರೆ ಅಂಕಿ ಇಳಿಯದೇ ಹೋಗಬಹುದು, ಆಗ "ನೋಡಿ, ನಿಷೇಧದಿಂದ ಏನೂ ಆಗಲಿಲ್ಲ" ಎಂಬ ವಾದ ಹುಟ್ಟುತ್ತದೆ. ಪಿಎಂ 2.5 ಮೀಟರ್‌ಗೆ ಯಾವ ಹೊಗೆ ಎಂಬ ಭೇದ ಗೊತ್ತಾಗುವುದಿಲ್ಲ. ತಂಬಾಕಿನ ಹೊಗೆಯೇ ಎಂದು ಖಚಿತಪಡಿಸಲು ಗಾಳಿಯಲ್ಲಿನ ನಿಕೋಟಿನ್ ಅಳೆಯಬೇಕು, ಬತ್ತಿಯಲ್ಲಿ ಅದು ಇರುವುದಿಲ್ಲ. ಎರಡು, ಸಿಗರೇಟು ನಿಲ್ಲಿಸಿ ಬತ್ತಿ ಹಚ್ಚಿಟ್ಟ ಮಾಲೀಕರು ಸಪ್ಲಯರ್‌ಗೆ ಮಾಡಿದ ಉಪಕಾರ ಅರ್ಧವಷ್ಟೇ. ಕಿಟಕಿಗೆ ಸೊಳ್ಳೆ ಪರದೆಯ ಜಾಲರಿ ಹೊಡೆಸುವುದಕ್ಕೆ ಹೆಚ್ಚು ಖರ್ಚಿಲ್ಲ, ಮತ್ತು ಜಾಲರಿ ಇದ್ದರೆ ಕಿಟಕಿಯನ್ನೂ ತೆರೆದಿಡಬಹುದು.

ಮುಂದೇನಾಗಬಹುದು

ಜಿಲ್ಲಾ ತಂಬಾಕು ನಿಯಂತ್ರಣ ಕೋಶದವರು ಪೊಲೀಸರು, ಆರೋಗ್ಯ ನಿರೀಕ್ಷಕರ ಜತೆ ಆಗಾಗ ದಾಳಿ ಮಾಡುತ್ತಾರೆ. ಮಾರನೆಯ ದಿನ ಪತ್ರಿಕೆಯಲ್ಲಿ ಎಷ್ಟು ಪ್ರಕರಣ, ಎಷ್ಟು ದಂಡ ಎಂದು ಬರುತ್ತದೆ. ದಾಳಿಗೆ ಸುಲಭವಾಗಿ ಸಿಗುವವರು ಬಸ್ ನಿಲ್ದಾಣದ ಪಕ್ಕದ ಪೆಟ್ಟಿಗೆ ಅಂಗಡಿಯವರು, ಅದರ ಮುಂದೆ ನಿಂತು ಸೇದುವವರು. ಅಲ್ಲಿ ಹೊಗೆ ಚದುರಲು ಆಕಾಶವಾದರೂ ಇದೆ. ರಾತ್ರಿ ಹತ್ತು ಗಂಟೆಗೆ ಬಾರ್‌ನ ಒಳಹೊಕ್ಕು ನೋಡುವುದು ಕಷ್ಟದ ಕೆಲಸ, ಗಾಳಿಗೆ ಲಾಭವಾಗುವುದೂ ಅಲ್ಲೇ. ದಂಡದ ಮೊತ್ತ ದೊಡ್ಡದಾದಷ್ಟೂ ರಸೀದಿ ಹರಿಯಲು ಅಧಿಕಾರಿ ಹಿಂಜರಿಯುವ, ರಸೀದಿಯಿಲ್ಲದೆ ಬಗೆಹರಿಯುವ ಸಾಧ್ಯತೆಯೂ ಹೆಚ್ಚು.

ದೊಡ್ಡ ರೆಸಾರ್ಟ್‌ಗಳು ನಿಯಮಬದ್ಧ ಕೋಣೆ ಕಟ್ಟಿಕೊಳ್ಳುತ್ತವೆ ಅಥವಾ ಇಡೀ ಒಳಾಂಗಣವನ್ನೇ ಹೊಗೆಮುಕ್ತ ಮಾಡಿ ಅದನ್ನೇ ಜಾಹೀರಾತಿಗೆ ಬಳಸುತ್ತವೆ. ಮಕ್ಕಳೊಂದಿಗೆ ಬರುವವರು ಕೋಣೆ ಕಾದಿರಿಸುವ ಮೊದಲು ಅದನ್ನು ಕೇಳುತ್ತಾರೆ. ಸಣ್ಣ ಹೋಟೆಲ್, ಹೋಮ್‌ಸ್ಟೇಗಳಿಗೆ ಕೋಣೆಯ ಆಯ್ಕೆ ಇಲ್ಲವಾದ್ದರಿಂದ ಸೇದುವವರನ್ನು ಅಂಗಳಕ್ಕೆ ಕಳಿಸುವುದೇ ಉಳಿದ ದಾರಿ, ಮತ್ತು ಗಾಳಿಯ ದೃಷ್ಟಿಯಿಂದ ಅದೇ ಉತ್ತಮ ದಾರಿ, ಅಂಗಳದ ಜಾಗ ಕಿಟಕಿ ಬಾಗಿಲಿನಿಂದ ದೂರವಿದ್ದರೆ. ಬಾಗಿಲಿನ ಪಕ್ಕದಲ್ಲೇ ಮರಳು ತುಂಬಿದ ಡಬ್ಬ ಇಟ್ಟರೆ ಹೊಗೆ ಗಿರಾಕಿಗಳ ಹಿಂದೆಯೇ ಒಳಗೆ ಬರುತ್ತದೆ. ತೊಂದರೆ ಉಳಿಯುವುದು ನಡುವಿನವರಲ್ಲಿ: ಮೂವತ್ತರಿಂದ ಅರವತ್ತು ಕುರ್ಚಿಯ, ಪೇಟೆಯ ನಡುವಿನ, ಅಂಗಳವಿಲ್ಲದ ಬಾರ್‌ಗಳು. ನಿಯಮದ ಪ್ರಕಾರ ಕೋಣೆ ಕಟ್ಟಿದರೆ ಏಳೆಂಟು ಕುರ್ಚಿಯ ಜಾಗ ಹೋಗುತ್ತದೆ, ಅಲ್ಲಿ ಏನೂ ಮಾರುವಂತಿಲ್ಲ. ಕಟ್ಟದೆ ಗಾಜಿನ ಅಡ್ಡಗೋಡೆಯಲ್ಲೇ ಕಾಲ ತಳ್ಳಿದರೆ ತಪಾಸಣೆಯ ಭಯ. ಇವರಲ್ಲಿ ಎಷ್ಟು ಮಂದಿ ಆ ಗಾಜನ್ನು ತೆಗೆಸಿ ಪೂರ್ತಿ ನಿಷೇಧಕ್ಕೆ ಹೋಗುತ್ತಾರೆ ಎಂಬುದು ತಿದ್ದುಪಡಿಯ ಮಾತಿಗಿಂತ, ಪರವಾನಗಿ ನವೀಕರಣಕ್ಕೆ ಬಂದಾಗ ಆ ಕೋಣೆಯ ಬಾಗಿಲು ತಾನೇ ಮುಚ್ಚುತ್ತದೆಯೇ, ಫ್ಯಾನು ಹೊರಕ್ಕೆ ಊದುತ್ತದೆಯೇ ಎಂದು ಯಾರಾದರೂ ತೆರೆದು ನೋಡುತ್ತಾರೋ ಇಲ್ಲವೋ ಎಂಬುದನ್ನು ಅವಲಂಬಿಸಿದೆ.